‘ಮನೆಯ ವಾತಾವರಣ ಸರಿಯಿಲ್ಲ’ ಎಂದು ಬರೆಯುವ ಮುನ್ನ

ಬೋಧನಾಭ್ಯಾಸದ ಅವಧಿಯಲ್ಲಿ ನಾವೆಲ್ಲ ಒಬ್ಬೊಬ್ಬ ವಿದ್ಯಾರ್ಥಿಯ ವ್ಯಕ್ತಿ ಅಧ್ಯಯನ ಮಾಡಿ ವರದಿ ಒಪ್ಪಿಸುತ್ತೇವೆ. ಈ ಸಲ ನಮ್ಮ ತಂಡದವರ ವರದಿಗಳನ್ನು ಒಟ್ಟಿಗೆ ಕೂತು ಓದಿದೆವು. ‘ಹಿಂದುಳಿಯಲು ಕಾರಣಗಳು’ ಎಂಬ ಕಾಲಂ ಕೆಳಗೆ ಹೆಚ್ಚಿನವರು ಒಂದೇ ವಾಕ್ಯ ಬರೆದಿದ್ದರು: ಮನೆಯ ವಾತಾವರಣ ಸರಿಯಿಲ್ಲ. ಕೆಲವರು ಅದಕ್ಕೆ ‘ಪಾಲಕರು ಅನಕ್ಷರಸ್ಥರು’ ಎಂದು ಸೇರಿಸಿದ್ದರು. ಅಲ್ಲಿಗೆ ಅಧ್ಯಯನ ಮುಗಿಯಿತು. ಮನೆ ಸರಿಯಿಲ್ಲ ಎಂದ ಮೇಲೆ ಶಾಲೆ ಮಾಡಬೇಕಾದದ್ದು ಏನೂ ಉಳಿಯುವುದಿಲ್ಲವಲ್ಲ!

ಈ ವಾಕ್ಯವನ್ನು ನಮ್ಮ ವರದಿಗಳಿಂದ ತೆಗೆದುಹಾಕಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣ ಹೇಳಲು ನಾನು ಬೆಳೆದ ಮನೆಯ ಬಗ್ಗೆ ಸ್ವಲ್ಪ ಬರೆಯಬೇಕಾಗುತ್ತದೆ. ಆ ಮನೆಯೂ ಯಾವುದಾದರೂ ಪ್ರಶಿಕ್ಷಣಾರ್ಥಿಯ ಕೈಗೆ ಸಿಕ್ಕಿದ್ದರೆ ‘ಸರಿಯಿಲ್ಲ’ದ ಪಟ್ಟಿಗೆ ಸೇರುತ್ತಿತ್ತು. ಎರಡು ಖೋಲಿಯ ಮನೆ, ಏಳು ಮಂದಿ, ಒಂದು ಹೊಲಿಗೆ ಮಷೀನು, ಓದಲು ಬಾರದ ಆಯಿ.

ನಮ್ಮದು ಕ್ರೈಸ್ತ ಕುಟುಂಬ. ಕಲಬುರಗಿ, ಬೀದರ್ ಕಡೆಯ ಹಳ್ಳಿಗಳಲ್ಲಿ ಮೆಥೊಡಿಸ್ಟ್ ಸಭೆಗೆ ಸೇರಿದ ಇಂಥ ಕುಟುಂಬಗಳು ಬಹಳ ಇವೆ. 1948ರವರೆಗೆ ಈ ಭಾಗ ನಿಜಾಮರ ಆಳ್ವಿಕೆಯಲ್ಲಿತ್ತು, ಕಚೇರಿಯ ಭಾಷೆ ಉರ್ದು. ಆ ಕಾಲದಲ್ಲಿ ನಮ್ಮ ಮುತ್ತಜ್ಜ ಕನ್ನಡ ಅಕ್ಷರ ಕಲಿತದ್ದು ಪಾದ್ರಿಗಳು ಕಂದೀಲು ಹಚ್ಚಿ ನಡೆಸುತ್ತಿದ್ದ ರಾತ್ರಿ ಶಾಲೆಯಲ್ಲಿ ಎಂದು ಮನೆಯಲ್ಲಿ ಹೇಳುತ್ತಾರೆ. ಅವನಿಗೆ ಸಿಕ್ಕ ಪುಸ್ತಕ ಒಂದೇ, ಬೈಬಲ್. ಕನ್ನಡದಲ್ಲಿ ಆ ಪುಸ್ತಕ ಆಗಲೇ ಹಳೆಯದು. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ವರ್ಷಗಟ್ಟಲೆ ಕೂತು ಮಾಡಿದ ಅನುವಾದದಿಂದ ಅದರ ಕಥೆ ಶುರುವಾಗುತ್ತದೆ. ನಮ್ಮ ಮನೆಗೆ ಓದು ಬಂದದ್ದು ಆ ದಾರಿಯಿಂದ. ಧರ್ಮದ ಮಾತು ಇಲ್ಲಿಗೆ ಸಾಕು, ನಾನು ಹೇಳಬೇಕಾದದ್ದು ಓದಿನ ಬಗ್ಗೆ.

ರಾತ್ರಿ ಊಟವಾದ ಮೇಲೆ ಅಪ್ಪ ಮಷೀನಿನ ಮೇಲೆ ಬಟ್ಟೆ ಹೊದಿಸುತ್ತಿದ್ದರು. ಅದೇ ಗಂಟೆ ಹೊಡೆದಂತೆ. ಎಲ್ಲರೂ ಚಾಪೆಯ ಮೇಲೆ ಕೂಡಬೇಕು. ಎಲ್ಲರಿಗಿಂತ ಸಣ್ಣವರಿಂದ ಓದು ಶುರು, ಒಬ್ಬೊಬ್ಬರು ಒಂದೊಂದು ವಚನ. ಯಾರಾದರೂ ಒಂದು ಪದಕ್ಕೆ ಸಿಕ್ಕಿಕೊಂಡರೆ ಉಳಿದವರು ಬಾಯಿ ಹಾಕುವಂತಿಲ್ಲ. ಇದು ಆಯಿಯ ಕಾನೂನು. ‘ತಡೀರಿ, ಅಂವಾ ಒಡ್ಕೊಂಡು ಓದ್ತಾನ, ಯಾರೂ ಹೇಳಬ್ಯಾಡ್ರಿ’ ಅನ್ನುತ್ತಿದ್ದಳು. ನೆಬೂಕದ್ನೆಚ್ಚರ ಎಂಬ ರಾಜನ ಹೆಸರು ಬಂತೆಂದರೆ ನನ್ನ ತಮ್ಮನಿಗೆ ಬೆವರು. ಆಯಿ ನೆಲದ ಮೇಲೆ ಬೆರಳು ಬಡಿಯುತ್ತಿದ್ದಳು. ನೆ, ಬೂ, ಕದ್, ನೆಚ್, ಚ, ರ. ಒಂದು ಬಡಿತಕ್ಕೆ ಒಂದು ತುಂಡು. ಅಕ್ಷರ ಗೊತ್ತಿಲ್ಲದ ಆಕೆಗೆ ಪದವನ್ನು ಎಲ್ಲಿ ಒಡೆಯಬೇಕೆಂಬುದು ಕಿವಿಯಿಂದಲೇ ಗೊತ್ತಿತ್ತು. ಒಂದು ಪದ ಬಿಟ್ಟು ಓದಿದರೆ ತಕ್ಷಣ ಹಿಡಿಯುತ್ತಿದ್ದಳು, ಏಕೆಂದರೆ ಅರ್ಧ ಪುಸ್ತಕ ಆಕೆಗೆ ಕೇಳಿ ಕೇಳಿ ಬಾಯಿಪಾಠವಾಗಿತ್ತು.

ಓದಿದ ಮೇಲೆ ಪ್ರಶ್ನೆ. ಅದು ಯಾವಾಗಲೂ ಒಂದೇ: ‘ಅಂದ್ರ ಏನ್ ಹೇಳ್ಯಾರ ಇದ್ರಾಗ? ನಿನ್ನ ಮಾತಿನ್ಯಾಗ ಹೇಳು.’ ಪುಸ್ತಕದಲ್ಲಿ ಇದ್ದುದನ್ನೇ ತಿರುಗಿ ಹೇಳಿದರೆ ಆಕೆ ಒಪ್ಪುತ್ತಿರಲಿಲ್ಲ. ಪುಸ್ತಕದ ಭಾಷೆ ‘ಆತನು ಹೊರಟುಹೋದನು’ ಅನ್ನುವಂಥದ್ದು. ನಮ್ಮ ಬಾಯಿಯ ಭಾಷೆ ‘ಅಂವಾ ಹ್ವಾದ’. ದಿನಾಲೂ ಒಂದನ್ನು ಇನ್ನೊಂದಕ್ಕೆ ತಿರುಗಿಸುವ ಕೆಲಸ ನಮಗೆ ಆಟವಾಗಿತ್ತು. ಗಡಿಯ ಊರು, ಅತ್ತ ಉಮರ್ಗಾ ದಾಟುವ ಮೊದಲೇ ಮರಾಠಿ ಶುರುವಾಗುತ್ತದೆ, ಇತ್ತ ಆಳಂದದ ಬಜಾರಿನಲ್ಲಿ ಉರ್ದು. ಇಷ್ಟರ ನಡುವೆ ಪುಸ್ತಕದ ಕನ್ನಡವೂ ಒಂದು ಭಾಷೆ, ಅದನ್ನೂ ಕಲಿಯಬೇಕು, ಮನೆ ಮಾತನ್ನೂ ಬಿಡಬೇಕಾಗಿಲ್ಲ ಎಂಬುದು ನಮಗೆ ಯಾರೂ ಹೇಳದೆ ತಿಳಿಯಿತು.

ಬಿ.ಇಡಿ.ಗೆ ಬಂದ ಮೇಲೆ ಇದಕ್ಕೆಲ್ಲ ಹೆಸರುಗಳು ಸಿಕ್ಕವು. ತಡವರಿಸುವ ಮಗುವಿಗೆ ಪೂರ್ತಿ ಉತ್ತರ ಕೊಡದೆ ಬೇಕಾದಷ್ಟೇ ಆಸರೆ ಕೊಡುವುದಕ್ಕೆ ವುಡ್, ಬ್ರೂನರ್ ಮತ್ತು ರಾಸ್ 1976ರಲ್ಲಿ ‘ಸ್ಕ್ಯಾಫೋಲ್ಡಿಂಗ್’ ಎಂದು ಹೆಸರಿಟ್ಟರು. ಗಾರೆ ಕೆಲಸದವರು ಗೋಡೆಗೆ ಕಟ್ಟುವ ಕಟ್ಟಿಗೆಯ ಅಟ್ಟಳಿಗೆ ಅದು. ಆಯಿಯ ಬೆರಳಿನ ಬಡಿತವೂ ಅದೇ. ನಮ್ಮ ಪಾಠಯೋಜನೆಯಲ್ಲಿ ‘ಪೂರ್ವಜ್ಞಾನ’ ಎಂಬ ಹಂತವಿದೆ. ಅಲ್ಲಿ ನಾವು ಬರೆಯುವುದು ಏನು? ‘ವಿದ್ಯಾರ್ಥಿಗಳಿಗೆ ಜೀವಕೋಶದ ಬಗ್ಗೆ ಹಿಂದಿನ ತರಗತಿಯಲ್ಲಿ ತಿಳಿದಿದೆ.’ ಹಿಂದಿನ ತರಗತಿ ಮಾತ್ರ, ಹಿಂದಿನ ರಾತ್ರಿ ಇಲ್ಲ. ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತನ್ನ ಮೊದಲ ತತ್ವವಾಗಿಯೇ ಹೇಳಿದ್ದನ್ನು ನಾವು ಪರೀಕ್ಷೆಯಲ್ಲಿ ಬರೆಯುತ್ತೇವೆ, ಯೋಜನೆಯಲ್ಲಿ ಬರೆಯುವುದಿಲ್ಲ.

ಮನೆಯಿಂದ ಬಂದದ್ದನ್ನು ಶಾಲೆ ಹೇಗೆ ಎತ್ತಿಕೊಳ್ಳಬಹುದು ಎಂಬುದಕ್ಕೆ ಒಂದು ಸಣ್ಣ ಘಟನೆ ಹೇಳುತ್ತೇನೆ. ಮೂರನೇ ತರಗತಿಯಲ್ಲಿ ನಮ್ಮ ಅಕ್ಕೋರು ‘ನಾಳೆ ಎಲ್ಲರೂ ಒಂದೊಂದು ವಚನ ಬಾಯಿಪಾಠ ಮಾಡ್ಕೊಂಡು ಬರ್ರಿ’ ಎಂದರು. ನಮ್ಮ ಮನೆಯಲ್ಲಿ ವಚನವೆಂದರೆ ಬೈಬಲ್ಲಿನ ಒಂದು ವಾಕ್ಯ. ಈ ನೆಲದಲ್ಲಿ, ಶರಣರ ನೆಲದಲ್ಲಿ, ಉಳಿದವರೆಲ್ಲರಿಗೂ ವಚನವೆಂದರೆ ಬಸವಣ್ಣ, ಅಕ್ಕಮಹಾದೇವಿ. ನಾನು ಎದ್ದು ನಿಂತು ಕೀರ್ತನೆಗಳ ಪುಸ್ತಕದಿಂದ ಒಂದು ವಚನ ಹೇಳಿದೆ. ಹಿಂದಿನ ಸಾಲಿನಲ್ಲಿ ನಗು ಶುರುವಾಯಿತು. ಅಕ್ಕೋರು ಕೈ ಎತ್ತಿ ನಗು ನಿಲ್ಲಿಸಿದರು, ಪೂರ್ತಿ ಕೇಳಿದರು, ಬೋರ್ಡಿನ ಮೇಲೆ ‘ವಚನ’ ಎಂದು ಬರೆದು, ಅಂದರೆ ಆಡಿದ ಮಾತು, ಕೊಟ್ಟ ಮಾತು, ಇವರ ಮನೆಯಲ್ಲಿ ಹೀಗೆ ಅನ್ನುತ್ತಾರೆ, ನಿಮ್ಮ ಮನೆಯಲ್ಲಿ ಹಾಗೆ ಅನ್ನುತ್ತೀರಿ ಎಂದು ವಿವರಿಸಿದರು. ಆಮೇಲೆ ನನಗೆ ಬಸವಣ್ಣನ ಒಂದು ವಚನ ಕಲಿಸಿ ಕಳಿಸಿದರು. ಆ ರಾತ್ರಿ ಅದನ್ನು ಮನೆಯ ಚಾಪೆಯ ಮೇಲೆ ಹೇಳಿದಾಗ ಆಯಿ ಕೇಳಿದ್ದು ಮತ್ತದೇ ಪ್ರಶ್ನೆ: ನಿನ್ನ ಮಾತಿನ್ಯಾಗ ಹೇಳು. ಭಾಷಾ ಬೋಧನೆಯ ಮೇಲೆ ನಾನು ಈವರೆಗೆ ಕೇಳಿದ ಉಪನ್ಯಾಸಗಳಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ (ನಮ್ಮ ಪ್ರಾಧ್ಯಾಪಕರು ಕ್ಷಮಿಸಬೇಕು).

ಒಗ್ಗಟ್ಟಿನ ಕುಟುಂಬ ಎಂದ ಕೂಡಲೇ ಬರೀ ಸಿಹಿ ಹೇಳುವ ರೂಢಿ ನಮ್ಮಲ್ಲಿದೆ. ಕ್ರಿಸ್ಮಸ್ಸಿಗೆ ಅವ್ವ ಮಾಡುವ ಕರಚಿಕಾಯಿ, ಶಂಕರಪಾಳಿ ಓಣಿಯೆಲ್ಲ ಹೋಗುತ್ತದೆ. ರಮ್ಜಾನಿಗೆ ಸುರಕುಂಬಾ ಬರುತ್ತದೆ. ಎಳ್ಳಮವಾಸ್ಯೆಗೆ ಪಕ್ಕದ ಮನೆಯ ಕಾಕಾ ತಮ್ಮ ಹೊಲಕ್ಕೆ ಚರಗ ಚೆಲ್ಲಲು ಹೋಗುವಾಗ ನಮ್ಮನ್ನೂ ಬಂಡಿ ಹತ್ತಿಸುತ್ತಾರೆ. ಇದೆಲ್ಲ ನಿಜ. ಆದರೆ ಹತ್ತಿರದ ಕುಟುಂಬದಲ್ಲಿ ಉಸಿರಾಡಲು ಜಾಗವೂ ಕಡಿಮೆ. ಅಕ್ಕ ನರ್ಸಿಂಗ್ ಕಲಿಯಲು ಹೈದರಾಬಾದಿಗೆ ಹೋಗುತ್ತೇನೆಂದಾಗ ಮನೆಯವರಷ್ಟೇ ಅಲ್ಲ, ಸಭೆಯ ಹಿರಿಯರೂ ಬಂದು ಕೂತು ಮಾತಾಡಿದರು. ಆಕೆ ಹೋದಳು, ಆದರೆ ಒಂದು ವರ್ಷ ತಡವಾಗಿ. ಅದು ಸರಿಯಿತ್ತೆಂದು ನಾನು ಇಂದಿಗೂ ಒಪ್ಪುವುದಿಲ್ಲ.

ಅದೇ ಮನೆಯಲ್ಲಿ ಇನ್ನೊಂದನ್ನು ನೋಡಿದ್ದೇನೆ. ಗಿರಾಕಿಯೊಬ್ಬರ ಅಂಗಿಯ ಬಟ್ಟೆ ಕತ್ತರಿಸಿಹೋದದ್ದಕ್ಕೆ ಅಪ್ಪ ತಮ್ಮನನ್ನು ಬೈದಿದ್ದರು, ಒಂದು ಏಟೂ ಬಿದ್ದಿತ್ತು. ಸಂಜೆ ಗೊತ್ತಾಯಿತು, ಗುರುತು ತಪ್ಪಿ ಹಾಕಿದವರು ಅಪ್ಪನೇ. ರಾತ್ರಿ ಓದು ಶುರುವಾಗುವ ಮೊದಲು, ಎಲ್ಲರೂ ಕೂತಿರುವಾಗ, ಹತ್ತು ವರ್ಷದ ಹುಡುಗನ ಮುಂದೆ ಅಪ್ಪ ‘ನಂದೇ ತಪ್ಪದ, ಮಗಾ’ ಎಂದರು. ಬೈದದ್ದು ಎಲ್ಲರೆದುರು, ಆದ್ದರಿಂದ ಈ ಮಾತೂ ಎಲ್ಲರೆದುರು. ಜಗಳ ಇಟ್ಟುಕೊಂಡು ಪ್ರಾರ್ಥನೆಗೆ ಕೂಡಬಾರದೆಂಬುದು ನಮ್ಮ ಮನೆಯ ನಿಯಮ, ಅದಕ್ಕೆ ಅಪ್ಪನೂ ಹೊರತಲ್ಲ. ನಮ್ಮ ಮೌಲ್ಯಮಾಪನ ನಮೂನೆಯಲ್ಲಿ ‘ತರಗತಿ ನಿಯಂತ್ರಣ’ಕ್ಕೆ ಅಂಕಗಳಿವೆ. ಬೋರ್ಡಿನ ಮೇಲೆ ಲೆಕ್ಕ ತಪ್ಪು ಬರೆದ ಶಿಕ್ಷಕ ಅದನ್ನು ಹುಡುಗರೆದುರು ಒಪ್ಪಿಕೊಂಡರೆ ವೀಕ್ಷಕರು ಆ ಅಂಕ ಹೆಚ್ಚಿಸುತ್ತಾರೋ, ಇಳಿಸುತ್ತಾರೋ? ಹೆಚ್ಚಿಸಬೇಕು ಎನ್ನುತ್ತೇನೆ.

ಈಗ ಮತ್ತೆ ವರದಿಯ ಮಾತಿಗೆ ಬರುತ್ತೇನೆ. ನನ್ನ ವಾದಕ್ಕೆ ಒಂದು ಆಕ್ಷೇಪ ಬಂದೇ ಬರುತ್ತದೆ, ಗೆಳತಿಯೊಬ್ಬಳು ಕೇಳಿಯೂಬಿಟ್ಟಳು: ‘ನಿಮ್ಮ ಮನ್ಯಾಗ ಎಲ್ಲಾರೂ ಕೂಡಿ ಕೂಡ್ತೀರಿ. ಅವ್ವ ಅಪ್ಪ ಪುಣೇಕ ದುಡೀಲಾಕ ಹೋದ ಹುಡುಗಗ ಯಾರು ಓದಸ್ತಾರ?’ ನ್ಯಾಯವಾದ ಪ್ರಶ್ನೆ. ನಮ್ಮ ತಾಲ್ಲೂಕಿನಿಂದ ಮುಂಬೈ, ಪುಣೆ, ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ, ಕಬ್ಬು ಕಡಿಯಲು ಹೋಗುವವರು ಪ್ರತಿ ಓಣಿಯಲ್ಲೂ ಇದ್ದಾರೆ. ನನ್ನಂಥ ಮನೆಯನ್ನು ಅಳತೆಗೋಲು ಮಾಡಿ ಆ ಮಕ್ಕಳನ್ನು ಅಳೆದರೆ ಅದು ‘ವಾತಾವರಣ ಸರಿಯಿಲ್ಲ’ ಎಂಬ ವಾಕ್ಯಕ್ಕಿಂತ ದೊಡ್ಡ ಅನ್ಯಾಯ.

ನಾನು ವ್ಯಕ್ತಿ ಅಧ್ಯಯನಕ್ಕೆ ಆರಿಸಿಕೊಂಡ ಎಂಟನೇ ತರಗತಿಯ ಹುಡುಗ ಅಂಥವನೇ. ತಂದೆತಾಯಿ ಊರಲ್ಲಿಲ್ಲ, ಅಜ್ಜನ ಜೊತೆ ಇರುತ್ತಾನೆ. ವಿಜ್ಞಾನದ ಪುಸ್ತಕ ಓದಲು ಎಬ್ಬಿಸಿದರೆ ಮುಚ್ಚಿಬಿಡುತ್ತಿದ್ದ. ‘ಮನೆ ಹ್ಯಾಂಗದ?’ ಎಂದು ನಾನು ಕೇಳಲಿಲ್ಲ. ‘ರಾತ್ರಿ ಉಂಡ ಮ್ಯಾಲ ಏನ್ ಮಾಡ್ತೀರಿ?’ ಎಂದು ಕೇಳಿದೆ. ಅಜ್ಜ ಭಜನೆಗೆ ಹೋಗುತ್ತಾನೆ, ಇವನು ಜೊತೆಗೆ ಹೋಗಿ ತಾಳ ಹಾಕುತ್ತಾನೆ. ಜೇವರ್ಗಿ ಕಡೆಯ ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಅವನಿಗೆ ಸಾಲುಸಾಲು ಬರುತ್ತವೆ, ಒಂದು ಅಕ್ಷರ ತಪ್ಪುವುದಿಲ್ಲ. ‘ಓದಲು ಬಾರದ’ ಹುಡುಗನ ಬಾಯಲ್ಲಿ ಅಷ್ಟು ಕನ್ನಡ!

ಮರುದಿನ ಆಯಿಯ ಬೆರಳನ್ನು ತರಗತಿಗೆ ತಂದೆ. ಮೈಟೊಕಾಂಡ್ರಿಯ ಎಂಬ ಪದವನ್ನು ಅವನು ಬೆಂಚಿನ ಮೇಲೆ ತಾಳ ಹಾಕಿ ಒಡೆದ, ಉಳಿದವರೂ ಹಾಕಿದರು. ದ್ಯುತಿಸಂಶ್ಲೇಷಣೆಗೆ ಐದಾರು ಸಲ ಬೇಕಾಯಿತು. ಆಮೇಲೆ ‘ಅಂದ್ರ ಏನು, ನಿನ್ನ ಮಾತಿನ್ಯಾಗ ಹೇಳು’ ಎಂದೆ. ‘ಎಲಿ ಬಿಸಿಲಿನ್ಯಾಗ ತನ್ನ ಅಡಗಿ ತಾನೇ ಮಾಡ್ಕೋತದ್ರಿ’ ಎಂದ. ಮೂರು ವಾರದಲ್ಲಿ ಅವನು ಒಂದು ಪ್ಯಾರಾ ನಿಲ್ಲದೆ ಓದಿದ ಎಂದು ನಾನು ಹೇಳುವುದಿಲ್ಲ. ನಿಲ್ಲುತ್ತಿದ್ದ, ಆದರೆ ಪುಸ್ತಕ ಮುಚ್ಚುತ್ತಿರಲಿಲ್ಲ.

ಅವನ ಮನೆ ನನ್ನ ಮನೆಯಂತಲ್ಲ. ತಾಯಿಯ ಜೊತೆ ಅವನ ಮಾತು ಫೋನಿನಲ್ಲಿ, ಅದೂ ಅಜ್ಜನ ಫೋನಿಗೆ ಕರೆನ್ಸಿ ಇದ್ದಾಗ. ಆ ಕೊರತೆಯನ್ನು ತಾಳ ತುಂಬುವುದಿಲ್ಲ, ಅದನ್ನು ವರದಿಯಲ್ಲಿ ಬರೆಯಲೇಬೇಕು. ಆದರೆ ‘ವಾತಾವರಣ’ ಎಂದು ಬರೆಯಬಾರದು. ಇದ್ದದ್ದನ್ನು ಇದ್ದಂತೆ ಬರೆಯಬೇಕು: ತಂದೆತಾಯಿ ದುಡಿಯಲು ಹೋಗಿದ್ದಾರೆ, ಇಷ್ಟು ತಿಂಗಳಿಂದ, ರಾತ್ರಿ ದೀಪ ಇದೆ, ಓದಿಸುವವರಿಲ್ಲ, ಭಜನೆ ಇದೆ. ಹಾಗೆ ಬರೆದರೆ ಶಾಲೆಗೆ ಕೆಲಸ ಕಾಣುತ್ತದೆ.

2014ರ ಎನ್‌ಸಿಟಿಇ ನಿಯಮಗಳ ಪ್ರಕಾರ ಎರಡು ವರ್ಷದ ಬಿ.ಇಡಿ.ಯಲ್ಲಿ ಇಪ್ಪತ್ತು ವಾರ ಶಾಲೆಗೇ ಮೀಸಲು. ಅಷ್ಟು ವಾರಗಳಲ್ಲಿ ಒಂದು ಸಂಜೆ ಒಬ್ಬ ಮಗುವಿನ ಮನೆಯ ಕಟ್ಟೆಯ ಮೇಲೆ ಕೂಡುವುದು ಕಷ್ಟವಲ್ಲ. ಚಹಾ ಕೊಡುತ್ತಾರೆ, ಕುಡಿದು ಬರಬೇಕು. ನಮ್ಮ ವರದಿಯ ನಮೂನೆಯಲ್ಲಿ ಆ ಕಾಲಮ್ಮಿನ ಬದಲು ಎರಡು ಪ್ರಶ್ನೆ ಇಡಲು ನಮ್ಮ ಮಾರ್ಗದರ್ಶಕರಲ್ಲಿ ಕೇಳಿಕೊಂಡಿದ್ದೇನೆ: ಈ ಮನೆಯಲ್ಲಿ ಸಂಜೆ ಏನು ನಡೆಯುತ್ತದೆ? ಅದರಲ್ಲಿ ಈ ಮಗುವಿನ ಕೆಲಸ ಯಾವುದು? ತಿದ್ದಿದ ನಮೂನೆಯನ್ನು ಕೈಬರಹದಲ್ಲಿ ಬರೆದು ವಿಜ್ಞಾನ ಬೋಧನಾ ವಿಭಾಗದ ಕಪಾಟಿನಲ್ಲಿ ಇಟ್ಟಿದ್ದೇನೆ. ಮುಂದಿನ ಹಂತಕ್ಕೆ ಹೋಗುವವರು ಝೆರಾಕ್ಸ್ ಮಾಡಿಸಿಕೊಳ್ಳಬಹುದು.