ಅಂಗಡಿಯ ವಹಿಯೂ ಗಣಕಯಂತ್ರವೂ

ಸಂಸ್ಕೃತದಲ್ಲಿ 'ನೀವೀ' ಎಂಬುದೊಂದು ಶಬ್ದವಿರುವುದು. ಅಮರಕೋಶಕಾರನು ಅದಕ್ಕೆ ಎರಡರ್ಥಗಳನ್ನು ಹೇಳಿರುವನು: ಸ್ತ್ರೀಯರು ಉಟ್ಟ ವಸ್ತ್ರಕ್ಕೆ ಟೊಂಕದಲ್ಲಿ ಹಾಕುವ ಗಂಟು ಒಂದು, ವ್ಯಾಪಾರದ ಮೂಲಧನವು ಮತ್ತೊಂದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯಾದರೋ, ಆಯದಲ್ಲಿ ವ್ಯಯವನ್ನು ಕಳೆದು ಉಳಿದ ಶಿಲ್ಕಿಗೆ ನೀವಿಯೆಂದು ಹೆಸರು. ಗಂಟು ಸಡಿಲಾದರೆ ಸೀರೆಯೂ ನಿಲ್ಲದು, ಸಾಹುಕಾರಿಕೆಯೂ ನಿಲ್ಲದು. ಸೀರೆಯ ಊರಾದ ಇಳಕಲ್ಲಿನಲ್ಲಿ ಈ ಎರಡರ್ಥಗಳೂ ಏಕಕಾಲಕ್ಕೆ ನೆನಪಾಗುವ ಪ್ರಸಂಗವೊಂದು ನಮಗೆ ಹೋದ ವರ್ಷ ಒದಗಿತು. ಅಂಗಡಿಯಿಟ್ಟುಕೊಂಡಿರುವ ಗೃಹಸ್ಥರು ನಮ್ಮ ವಾಚಕರಲ್ಲಿ ಬಹುಜನರಿರುವುದರಿಂದ ಅದನ್ನು ಇಲ್ಲಿ ಹೇಳುವೆವು.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಅಲ್ಲಿ ಸೀರೆಯ ವ್ಯಾಪಾರಸ್ಥನು. ಇಪ್ಪತ್ತು ಕೈಮಗ್ಗಗಳಿಗೆ ನೂಲು ಕೊಟ್ಟು, ನೆಯ್ಗೆಯ ಮಜೂರಿಯನ್ನಿತ್ತು, ಬಂದ ಸೀರೆಗಳನ್ನು ತನ್ನ ಅಂಗಡಿಯಲ್ಲಿಯೂ, ಹುನಗುಂದ, ಬಾಗಲಕೋಟೆ, ಬಾದಾಮಿಗಳ ಅಂಗಡಿಕಾರರಿಗೆ ಉದ್ರಿಯ ಮೇಲೆಯೂ ಮಾರುವನು. ಕೆಲವು ವರ್ಷಗಳ ಹಿಂದೆ ತಂದೆಯ ಕಾಲದ ಕೆಂಪು ವಹಿಗಳನ್ನು ಅಟ್ಟಕ್ಕೇರಿಸಿ ಗಣಕಯಂತ್ರವನ್ನು ತರಿಸಿದನು. ಯಾರೋ ಪರಿಚಿತರು ಲೆಕ್ಕದ ತಂತ್ರಾಂಶವೊಂದರ ಕದ್ದ ಪ್ರತಿಯನ್ನು ಅದರಲ್ಲಿ ಕೂಡಿಸಿಕೊಟ್ಟರು. ವಾರಕ್ಕೆ ಎರಡು ಸಾರೆ ಬರುವ ತರುಣನೊಬ್ಬನು ಲೆಕ್ಕ ಬರೆಯಹತ್ತಿದನು. ಯಜಮಾನನು ಅದರ ಕಡೆಗೆ ನೋಡುವುದನ್ನೇ ಬಿಟ್ಟನು.

ಒಂದು ಸಂಜೆ ನಾವು ಆ ಅಂಗಡಿಯಲ್ಲಿ ಕುಳಿತಿರುವಾಗ ಒಬ್ಬ ಹೆಣ್ಣುಮಗಳು ಬಂದಳು. ಆಕೆಯ ಗಂಡನು ಹದಿನೈದು ವರ್ಷ ಇದೇ ಮನೆತನಕ್ಕೆ ಸೀರೆ ನೆಯ್ದು, ಆಗ ತಾನೆ ತೀರಿಕೊಂಡಿದ್ದನು. ಲೆಕ್ಕ ಚುಕ್ತಾ ಮಾಡಿ ಉಳಿದ ಮಜೂರಿಯನ್ನು ಒಯ್ಯಬೇಕೆಂದು ಆಕೆ ಬಂದಿದ್ದಳು. ಯಂತ್ರವು ಬೇರೆಯೇ ಹೇಳಿತು: 3 ಕಿಲೋ ರೇಶಿಮೆಯೂ 6,000 ರೂಪಾಯಿ ಮುಂಗಡವೂ ಅವರ ಕಡೆಗೇ ಬಾಕಿ! ಆಕೆಯು ಉಡಿಯೊಳಗಿಂದ ಚಿಕ್ಕ ಪುಸ್ತಕವೊಂದನ್ನು ತೆಗೆದಳು. ಅದರಲ್ಲಿ ನೂಲು ತಂದ ದಿನ, ಸೀರೆ ಕೊಟ್ಟ ದಿನ, ಮುಂಗಡ ಮುರಿದ ಮೊತ್ತ ಎಲ್ಲವೂ ತಾರೀಖುವಾರು ಇದ್ದವು. ಅದರ ಪ್ರಕಾರ ಬಾಕಿ ಏನೂ ಇರಲಿಲ್ಲ. ಆಕೆ ಅಂದಳು: "ಸಾವ್ಕಾರ್ರ, ನಾ ಸಾಲಿ ಕಲ್ತಾಕಿ ಅಲ್ಲ. ನನ್ನ ಮಗಳು ಬರದಾಳ. ಆಕಿ ಬರದದ್ದು ಸುಳ್ಳಂದ್ರ, ನಿಮ್ಮ ಪೆಟಗಿ ಬರದದ್ದು ಖರೆ ಹ್ಯಾಂಗ್ರೀ?"

ಯಂತ್ರದೊಳಗೆ ಹುಡುಕಿದೆವು. ವರ್ಷಾರಂಭದ ಶಿಲ್ಕನ್ನು ಯಾರೋ ಒಮ್ಮೆ ತಿದ್ದಿದಂತಿತ್ತು. ಯಾವಾಗ ತಿದ್ದಿದರು, ಮೊದಲು ಏನಿತ್ತು, ಏತಕ್ಕಾಗಿ ತಿದ್ದಿದರು ಎಂಬುದಕ್ಕೆ ಯಾವ ಗುರುತೂ ಇರಲಿಲ್ಲ. ಬರೆದ ತರುಣನು ನೌಕರಿ ಸಿಕ್ಕು ಬೇರೂರಿಗೆ ಹೋಗಿದ್ದನು. ನಮ್ಮ ಶಿಷ್ಯನು ಧರ್ಮಭೀರು. ಆಕೆಯ ಪುಸ್ತಕವನ್ನೇ ಪ್ರಮಾಣವೆಂದು ಹಿಡಿದು ಮಜೂರಿಯನ್ನು ಕೊಟ್ಟು ಕಳುಹಿದನು. ಆಮೇಲೆ ತಲೆಗೆ ಕೈಯಿಟ್ಟು, "ಗುರುಗಳ, ಒಳ್ಳೇದು ಅಂದ್ರ ಯಾವುದು ತಗೊಳ್ಳೂಣು?" ಎಂದು ಕೇಳಿದನು. ಮಗಳು ಬರೆದಿಟ್ಟ ಪುಸ್ತಕವು ಆ ತಾಯಿಯ ಹತ್ತಿರ ಇಲ್ಲದಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆಸಿದರೆ ನಮಗೆ ಇಂದಿಗೂ ಸಂಕಟವಾಗುವುದು. ಆದುದರಿಂದಲೇ ಈ ಪ್ರಶ್ನೆಗೆ ವಿಚಾರಮಾಡಿ ಉತ್ತರ ಹೇಳಬೇಕಾಯಿತು.

ಲೆಕ್ಕವನ್ನು ಅಳಿಸುವ ಚಿಂತೆಯು ಹೊಸದಲ್ಲ. ಹಿಂದಿನ ಕಾಲದಲ್ಲಿ ನಮ್ಮ ನಾಡಿನ ವರ್ತಕರು ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದು, ಮಡಿಕೆ ಮಾಡಿ, ಬಳಪದಿಂದ ಬರೆಯುತ್ತಿದ್ದರು. ಅದಕ್ಕೆ ಕಡತವೆಂದು ಹೆಸರು. ಇಂದು ಸರಕಾರಿ ಕಚೇರಿಯ ಕಾಗದದ ಕಟ್ಟಿಗೆ ಆ ಹೆಸರು ಉಳಿದಿರುವುದು. ಕಡತದ ಗುಣವೂ ದೋಷವೂ ಒಂದೇ: ಒರೆಸಿ ಮತ್ತೆ ಬರೆಯಬಹುದು. ಕೌಟಿಲ್ಯನು ಇಂಥದಕ್ಕೆ ದಂಡವನ್ನೇ ವಿಧಿಸಿರುವನು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆತ ಓಲೆಗ್ರಂಥದಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮುದ್ರಿಸಿದ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ, ಅಕ್ಷಪಟಲವೆಂಬ ಲೆಕ್ಕದ ಕಚೇರಿಗೆ ಒಂದು ಅಧ್ಯಾಯವೇ ಮೀಸಲಾಗಿರುವುದು. ಕ್ರಮ ತಪ್ಪಿಸಿ, ತಿಳಿಯದಂತೆ, ಅಥವಾ ಒಂದನ್ನೇ ಎರಡು ಸಾರೆ ಬರೆದವನಿಗೆ 12 ಪಣ ದಂಡ. ನೀವಿಯನ್ನೇ ಕೆಡಿಸಿ ಬರೆದವನಿಗೆ ಅದರ ಇಮ್ಮಡಿ. ಮುಂದಿನ ಅಧ್ಯಾಯದಲ್ಲಿ ರಾಜಧನವನ್ನು ಅಪಹರಿಸುವ 40 ಉಪಾಯಗಳನ್ನು ಎಣಿಸಿರುವನು. ಇಟಲಿಯ ಸನ್ಯಾಸಿಯಾದ ಲೂಕಾ ಪಾಚೋಲಿಯು 1494ರಲ್ಲಿ ವೆನಿಸಿನಲ್ಲಿ ಮುದ್ರಿಸಿದ ಗಣಿತಗ್ರಂಥದಲ್ಲಿ ಜಮಾ-ಖರ್ಚುಗಳೆರಡನ್ನೂ ಸರಿತೂಗಿಸುವ ದ್ವಿನಮೂದು ಪದ್ಧತಿಯನ್ನು ವಿವರಿಸಿದನು. ಇಂದಿನ ತಂತ್ರಾಂಶಗಳೆಲ್ಲ ಆ ಪದ್ಧತಿಯ ಮೇಲೆಯೇ ನಡೆಯುವವು. ಯಂತ್ರವು ಕೂಡಿಸುವುದರಲ್ಲಿ ತಪ್ಪುವುದಿಲ್ಲ. ಬರೆಯುವ ಮನುಷ್ಯನು ತಪ್ಪುವನು.

ಈ ತಂತ್ರಾಂಶಗಳಲ್ಲಿ ನಮ್ಮ ಕಡೆಗೆ ಹೆಚ್ಚು ಬಳಕೆಯಲ್ಲಿರುವ ಟ್ಯಾಲಿಯು ನಮ್ಮ ರಾಜ್ಯದಲ್ಲಿಯೇ ಹುಟ್ಟಿದ್ದೆಂಬುದನ್ನು ಅನೇಕರು ಅರಿಯರು. ಬೆಂಗಳೂರಿನ ಶ್ಯಾಮಸುಂದರ ಗೋಯಂಕಾ ಎಂಬವರು ಕಾರಖಾನೆಗಳಿಗೂ ಅರಿವೆಯ ಗಿರಣಿಗಳಿಗೂ ಕಚ್ಚಾ ಸರಕನ್ನೂ ಯಂತ್ರದ ಬಿಡಿಭಾಗಗಳನ್ನೂ ಒದಗಿಸುವ ವ್ಯಾಪಾರಸ್ಥರು. ತಮ್ಮ ಲೆಕ್ಕಕ್ಕೆ ಒಪ್ಪುವ ತಂತ್ರಾಂಶವು ಎಲ್ಲಿಯೂ ಸಿಕ್ಕದಿರಲು, ಗಣಿತವನ್ನು ಓದಿದ ಮಗ ಭರತ ಗೋಯಂಕಾ ಅವರಿಗೆ ಅದನ್ನು ಬರೆಯಹೇಳಿದರು. 1986ರಲ್ಲಿ ಆ ಉದ್ಯಮವು ಆರಂಭವಾಯಿತು. 2020ರಲ್ಲಿ ಮಗನಿಗೆ ಪದ್ಮಶ್ರೀ ಗೌರವವು ದೊರೆಯಿತು. ಈ ಕಥೆಯಲ್ಲಿ ನಾವು ಗ್ರಹಿಸತಕ್ಕ ನೀತಿಯೊಂದಿದೆ. ತಂದೆಯು ತನ್ನ ವ್ಯಾಪಾರದ ಸ್ವರೂಪವನ್ನು ಮೊದಲು ಅರಿತಿದ್ದನು. ಯಂತ್ರವನ್ನು ಅದಕ್ಕೆ ಒಪ್ಪಿಸಿದನು. ನಾವಾದರೋ ಯಂತ್ರವನ್ನು ಮೊದಲು ಕೊಂಡು, ವ್ಯಾಪಾರವನ್ನು ಅದಕ್ಕೆ ಒಗ್ಗಿಸಲು ಹೆಣಗುವೆವು.

ಆದುದರಿಂದ ಮೊದಲನೆಯ ಕೆಲಸವು ಕಾಗದದ ಮೇಲೆ ಆಗತಕ್ಕದ್ದು. ನಮ್ಮ ಶಿಷ್ಯನಿಂದ ಅದನ್ನೇ ಬರೆಯಿಸಿದೆವು. ಇಳಕಲ್ಲ ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕುಣಿಕೆಗಳಿಂದ ಜೋಡಿಸುವರು. ಇದಕ್ಕೆ ತೋಪು ತೆನಿಯೆನ್ನುವರು. ಈ ಕಾರಣದಿಂದ 6, 8, ಇಲ್ಲವೆ 9 ಗಜದ ಒಂದೊಂದು ಸೀರೆಗೂ ಒಂದೊಂದು ಹಾಸು ಬೇಕಾಗುವುದು. ಅಂದ ಮೇಲೆ ಲೆಕ್ಕವೂ ಸೀರೆವಾರು ನಡೆಯಬೇಕು. ನೂಲು ತೂಕದಿಂದ ಹೊರಡುವುದು, ಸೀರೆಯು ನಗದ ಎಣಿಕೆಯಿಂದ ಒಳಬರುವುದು. ನಡುವೆ ಮಾಲು ಅಂಗಡಿಯದೇ, ಇರುವುದು ಮಾತ್ರ ನೇಕಾರನ ಮನೆಯಲ್ಲಿ. ತಂತ್ರಾಂಶವನ್ನು ತೋರಿಸಲು ಬಂದವನ ಮುಂದೆ ಈ ಕಾಗದವನ್ನಿಟ್ಟು, "ಈ ಮನೆಯ ಮಗ್ಗದ ಮೇಲೆ ಇವತ್ತು ನಮ್ಮ ರೇಶಿಮೆ ಎಷ್ಟಿದೆ? ಮುಂಗಡ ಎಷ್ಟು ಮುರಿಯಿತು? ತೋರಿಸಿರಿ" ಎಂದು ಕೇಳತಕ್ಕದ್ದು. ತೋರಿಸಿದರೆ ಮಾತು ಮುಂದುವರಿಸಬೇಕು. ಇಲ್ಲವಾದರೆ ಚಹಾ ಕೊಟ್ಟು ಕಳಿಸಬೇಕು. ಗುಳೇದಗುಡ್ಡದ ಖಣದ ವ್ಯಾಪಾರಿಗೂ, ಬಾಗಲಕೋಟೆಯ ಕಿರಾಣಿಯವನಿಗೂ ಅವರವರ ಪ್ರಶ್ನೆ ಬೇರೆಯಿರುವುದು. ಕೇಳುವ ಕ್ರಮವು ಇದೇ.

ಎರಡನೆಯದು ತಿದ್ದುಪಡಿಯ ಗುರುತು. ಇದು ಎಲ್ಲಕ್ಕೂ ಮುಖ್ಯವೆಂದು ನಮ್ಮ ಅಭಿಪ್ರಾಯ. ಕಂಪನಿ ಕಾಯ್ದೆಯ ಕೆಳಗೆ ನೋಂದಾಯಿತವಾದ ಸಂಸ್ಥೆಗಳು 1 ಎಪ್ರಿಲ್ 2023ರಿಂದ, ಪ್ರತಿಯೊಂದು ತಿದ್ದುಪಡಿಯನ್ನೂ ತಾರೀಖುಸಹಿತ ದಾಖಲಿಸುವ ತಂತ್ರಾಂಶವನ್ನೇ ಬಳಸಬೇಕೆಂದು ನಿಯಮವಾಗಿದೆ. ಒಬ್ಬನೇ ಮಾಲಕನ ಅಂಗಡಿಗೆ ಆ ನಿಯಮವು ಅನ್ವಯಿಸದು. ಆದರೂ ನೇಕಾರಳ ಕಣ್ಣೀರಿಗೆ ಕಾಯ್ದೆಯ ಆಧಾರ ಬೇಕೇ? ಟ್ಯಾಲಿಯ ಸಾಮಾನ್ಯ ಪ್ರತಿಯಲ್ಲಿ ಈ ದಾಖಲೆಯನ್ನು ಇಟ್ಟುಕೊಳ್ಳಲೂಬಹುದು, ಬಿಡಲೂಬಹುದು. 'ಎಡಿಟ್ ಲಾಗ್' ಎಂಬ ಬೇರೆ ಪ್ರತಿಯಲ್ಲಿ ಅದನ್ನು ನಿಲ್ಲಿಸಲು ಬಾರದು. ಬೇರೆ ಯಾವ ತಂತ್ರಾಂಶವನ್ನು ಕೊಳ್ಳುವುದಾದರೂ ಈ ಸೌಕರ್ಯವನ್ನು ಕೇಳಿ ನೋಡತಕ್ಕದ್ದು. ಬರೆಯುವವನಿಗೂ ಯಜಮಾನನಿಗೂ ಬೇರೆ ಬೇರೆ ಪಾಸ್‌ವರ್ಡು ಇರಬೇಕು. ಯಜಮಾನನದನ್ನು ಮನೆಯ ಮತ್ತೊಬ್ಬರೂ ಅರಿತಿರಬೇಕು.

ಮೂರನೆಯದು ತೆರಿಗೆ. 1 ಜುಲೈ 2017ರಂದು ಜಿ.ಎಸ್.ಟಿ. ಬಂದಂದಿನಿಂದ ಅನೇಕರು ಅದರ ಭಯದಿಂದಲೇ ತಂತ್ರಾಂಶ ಕೊಳ್ಳುವರು. ರಾಜ್ಯದೊಳಗೆ ಸರಕು ಮಾರುವವನ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಸಾಮಾನ್ಯವಾಗಿ ನೋಂದಣಿಯ ಕಟ್ಟಾಯವಿಲ್ಲ. ಹೊರರಾಜ್ಯಕ್ಕೆ ಮಾರುವವರು ತೆರಿಗೆಯ ಸಲಹೆಗಾರರನ್ನು ಕೇಳತಕ್ಕದ್ದು. ನೋಂದಣಿಯಾದವರಿಗೆ ಮಾತ್ರ ಕಾಲಕಾಲಕ್ಕೆ ಹೊಸದಾಗುವ ತಂತ್ರಾಂಶವೇ ಬೇಕು. ಚಮಕಾ ಎಂದು ನಮ್ಮವರು ಕರೆಯುವ ಕೃತಕ ರೇಶಿಮೆಯ ನೂಲಿನ ಮೇಲೆ ನೂರಕ್ಕೆ 12 ಇದ್ದ ತೆರಿಗೆಯು 22 ಸಪ್ಟೆಂಬರ 2025ರಿಂದ 5 ಆಯಿತು. ಹಳೆಯ ದರವೇ ಒಳಗೆ ಕುಳಿತ ಯಂತ್ರವು ಅಂದಿನಿಂದ ಪ್ರತಿಯೊಂದು ಪಾವತಿಯಲ್ಲಿಯೂ ತಪ್ಪುತ್ತಲೇ ಇರುವುದು. ಕದ್ದ ಪ್ರತಿಗೆ ಇಂಥ ನವೀಕರಣವು ನ್ಯಾಯವಾಗಿ ದೊರೆಯದು. ಅಗ್ಗವೆಂದು ತಂದದ್ದಕ್ಕೆ ಮುಂದೆ ದಂಡ ತೆರಬೇಕಾಗುವುದು.

ನಾಲ್ಕನೆಯದು ಲೆಕ್ಕವು ಎಲ್ಲಿರುವುದೆಂಬ ವಿಚಾರ. ಅಂತರ್ಜಾಲದ ಮೂಲಕ ದೂರದೂರಿನ ಯಂತ್ರದಲ್ಲಿ ಲೆಕ್ಕವಿಡುವ ಪದ್ಧತಿಯೂ ಈಗ ಬಂದಿದೆ. ಬನದ ಹುಣ್ಣಿವೆಗೆ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಅಂಗಡಿ ಹಾಕುವವರನ್ನು ಕೇಳಿರಿ: ಜನ ಕಿಕ್ಕಿರಿದಾಗ ಮೊಬಾಯಿಲಿನ ಸಂಪರ್ಕವೇ ಸಿಕ್ಕದು. ಅಂಗಡಿಯ ಯಂತ್ರದಲ್ಲಿಯೇ ನಡೆಯುವ ತಂತ್ರಾಂಶಕ್ಕೆ ಆ ಹಂಗಿಲ್ಲ. ಆದರೆ ಯಂತ್ರವು ಕೆಟ್ಟರೆ ಸರ್ವಸ್ವವೂ ಹೋಯಿತು! ಪ್ರತಿ ಸಂಜೆ ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ತೆಗೆದು ಮನೆಗೆ ಒಯ್ಯತಕ್ಕದ್ದು. ತಿಂಗಳಿಗೊಮ್ಮೆ ಮತ್ತೊಂದನ್ನು ಬೇರೆಡೆಗೆ ಇಡತಕ್ಕದ್ದು. ಆ ಪ್ರತಿಯು ತೆರೆಯುವುದೋ ಇಲ್ಲವೋ ಎಂದು ನಡುನಡುವೆ ಪರೀಕ್ಷಿಸತಕ್ಕದ್ದು. ಜಿ.ಎಸ್.ಟಿ. ಕಾಯ್ದೆಯಂತೆ ವಾರ್ಷಿಕ ವಿವರಪತ್ರದ ಗಡುವಿನಿಂದ 72 ತಿಂಗಳವರೆಗೆ ಲೆಕ್ಕಗಳನ್ನು ಕಾಯ್ದಿಡಬೇಕು. ನಾಳೆ ತಂತ್ರಾಂಶವನ್ನು ಬದಲಿಸಬೇಕಾದರೆ ಒಳಗಿನ ಲೆಕ್ಕವು ಎಕ್ಸೆಲ್ ಕೋಷ್ಟಕವಾಗಿ ಹೊರಬರುವುದೇ ಎಂಬುದನ್ನೂ ಕೊಳ್ಳುವ ಮೊದಲೇ ಕೇಳಿರಿ. ಒಳಹೋಗುವ ಬಾಗಿಲಷ್ಟೇ ಇರುವ ಮನೆಯನ್ನು ಯಾರಾದರೂ ಕೊಳ್ಳುವರೇ?

ಐದನೆಯದು ಓದುವವರ ಪ್ರಶ್ನೆ. ಲೆಕ್ಕವು ಕೇವಲ ಬರೆಯುವವನಿಗೆ ತಿಳಿದರೆ ಅದು ಅವನ ಲೆಕ್ಕ, ಮನೆತನದ್ದಲ್ಲ. ನೇಕಾರರ ಹೆಸರು, ನೂಲಿನ ಹೆಸರುಗಳನ್ನು ಕನ್ನಡದಲ್ಲಿ ಬರೆದು, ಕನ್ನಡದಲ್ಲಿಯೇ ಮುದ್ರಿಸಿ ನೋಡಬೇಕು. ಅಕ್ಷರಗಳು ಯೂನಿಕೋಡಿನಲ್ಲಿದ್ದರೆ ಬೇರೆ ಯಂತ್ರದಲ್ಲಿಯೂ ಓದಲು ಬರುವವು. ಹಳೆಯ ಅಕ್ಷರವಿನ್ಯಾಸಗಳಲ್ಲಿದ್ದರೆ ವಿಚಿತ್ರ ಚಿಹ್ನೆಗಳಾಗಿ ತೋರುವವು.

ಇನ್ನು ಹಣದ ಮಾತು. ಟ್ಯಾಲಿ, ಬಿಜಿ ಮೊದಲಾದವುಗಳಿಗೆ ಬೆಲೆಯುಂಟು. ಒಮ್ಮೆ ಕೊಟ್ಟ ಬೆಲೆಯಲ್ಲದೆ ಮುಂದೆ ವರ್ಷವರ್ಷದ ನವೀಕರಣಕ್ಕೆ ಎಷ್ಟೆಂಬುದನ್ನೂ ಬರೆಯಿಸಿಕೊಳ್ಳಬೇಕು. ಗ್ನೂಕ್ಯಾಶ್ ಎಂಬುದು ಧರ್ಮಾರ್ಥವಾಗಿ ದೊರೆಯುವ, ದ್ವಿನಮೂದು ಪದ್ಧತಿಯ ಒಳ್ಳೆಯ ತಂತ್ರಾಂಶ; ಆದರೆ ನಮ್ಮ ಜಿ.ಎಸ್.ಟಿ. ವಿವರಪತ್ರವನ್ನು ಅದು ಸಿದ್ಧಪಡಿಸಿಕೊಡದು. ನೋಂದಣಿಯಿಲ್ಲದ ಚಿಕ್ಕ ಅಂಗಡಿಗೂ ಮನೆಖರ್ಚಿಗೂ ಅದು ಸಾಕಾದೀತು. ಟ್ಯಾಲಿಯನ್ನು ಹಣ ಕೊಡದೆಯೂ ಕಲಿಕೆಗಾಗಿ ತೆರೆಯಬಹುದು. ಆಗ ತಿಂಗಳಿನ 1, 2, 31ನೆಯ ತಾರೀಖುಗಳಲ್ಲಿ ಮಾತ್ರ ನಮೂದಿಸಲು ಬರುವುದು. ಪರೀಕ್ಷೆಗೆ ಅಷ್ಟು ಸಾಕು. ಕೊನೆಗೆ, ತೊಡಕು ಬಂದಾಗ ಬಂದು ಬಿಡಿಸುವವರು ಬಾಗಲಕೋಟೆಯಲ್ಲಾದರೂ ಇರುವರೇ ಎಂದು ನೋಡಬೇಕು. ಹತ್ತಿರದಲ್ಲಿ ಬಲ್ಲವರಿಲ್ಲದ ಉತ್ತಮ ತಂತ್ರಾಂಶಕ್ಕಿಂತ, ಬಲ್ಲವರಿರುವ ಮಧ್ಯಮವಾದುದೇ ಮೇಲು.

ನಮ್ಮ ಶಿಷ್ಯನು ಈ ಪರೀಕ್ಷೆಗಳನ್ನೆಲ್ಲ ಮಾಡಿ ಟ್ಯಾಲಿಯ ಎಡಿಟ್ ಲಾಗ್ ಪ್ರತಿಯನ್ನು ಕೊಂಡನು. ಬಾಗಲಕೋಟೆಯ ಅವನ ತೆರಿಗೆ ಸಲಹೆಗಾರರಿಗೂ ಅದೇ ಪರಿಚಿತವಿತ್ತು. ನಮಗೆ ಯಾರ ದಲ್ಲಾಳಿಕೆಯೂ ಇಲ್ಲ. ಮತ್ತೊಬ್ಬರಿಗೆ ಮತ್ತೊಂದು ಒಪ್ಪಬಹುದು. ಹಳೆಯ ಬಾಕಿಗಳನ್ನು ಅವನು ಯಂತ್ರದಿಂದ ಯಂತ್ರಕ್ಕೆ ಸಾಗಿಸಲಿಲ್ಲ. ಇಪ್ಪತ್ತು ಮನೆಗಳಿಗೂ ತಾನೇ ಹೋಗಿ, ಅವರವರ ಪುಸ್ತಕದೊಡನೆ ತಾಳೆ ನೋಡಿ, ಇಬ್ಬರೂ ಒಪ್ಪಿದ ಶಿಲ್ಕನ್ನೇ ಬರೆಯಿಸಿದನು. ಮೂರು ತಿಂಗಳು ಕೈವಹಿಯೂ ಯಂತ್ರವೂ ಕೂಡಿಯೇ ನಡೆದವು. ಈಗ ಬರೆಯುವವಳು ಅವನ ಸೊಸೆ. ತಿಂಗಳ ಕೊನೆಗೆ ಪ್ರತಿ ನೇಕಾರನಿಗೂ ನೂಲು, ಸೀರೆ, ಮುಂಗಡ, ಮಜೂರಿಗಳ ಚೀಟಿಯು ಕನ್ನಡದಲ್ಲಿ ಮುದ್ರಿತವಾಗಿ ಹೋಗುವುದು.

ಈ ಸಲದ ದೀಪಾವಳಿಯಲ್ಲಿ ಅಂಗಡಿಯ ಪೂಜೆಗೆ ನಮ್ಮನ್ನು ಕರೆದಿದ್ದರು. ಗಣಕಯಂತ್ರಕ್ಕೂ ಹೊಸ ವಹಿಯೊಂದಕ್ಕೂ ಅರಿಷಿಣ ಕುಂಕುಮಗಳನ್ನೇರಿಸಿದ್ದರು. ಆ ತಾಯಿಯ ಮಗಳು ಈಗ ತಾನೇ ಮಗ್ಗದ ಮೇಲೆ ಕೂಡುವಳು. ಅಂದು ಚೀಟಿಯನ್ನು ತೆಗೆದುಕೊಂಡು ತನ್ನ ಪುಸ್ತಕದೊಡನೆ ಸಾಲುಸಾಲಾಗಿ ತಾಳೆ ನೋಡಿದಳು. "ಬರೋಬರಿ ಐತ್ರಿ" ಎಂದು ಹೇಳಿ ಪುಸ್ತಕವನ್ನು ಮುಚ್ಚಿದಳು. ಅಂಗಡಿಯ ಲೆಕ್ಕಕ್ಕೆ ಇದಕ್ಕಿಂತ ದೊಡ್ಡ ತನಿಖೆಯು ಬೇಡವೆಂದು ನಾವು ತಿಳಿಯುವೆವು. ತಂತ್ರಾಂಶವನ್ನು ಕೊಳ್ಳಹೊರಟ ನಮ್ಮ ವಾಚಕರು ಮೊದಲು ಅಂಥ ಒಬ್ಬರನ್ನು ಎದುರಿಗೆ ನೆನೆದುಕೊಂಡು, ಅವರಿಗೆ ತೋರಿಸಲು ಬರುವ ಲೆಕ್ಕವನ್ನೇ ಆರಿಸಿಕೊಳ್ಳಲಿ.