ಮರಳಿನ ವಸಂತಕ್ಕೂ ಒಂದು ಬೆಳಗು ಕೊಡೋಣ

ನಮ್ಮ ಸಂಘದ ವರ್ಷದ ಪಟ್ಟಿಯಲ್ಲಿ ರಾಜ್ಯೋತ್ಸವವಿದೆ, ಯುಗಾದಿ ಊಟವಿದೆ, ಕ್ರಿಕೆಟ್ ಪಂದ್ಯವಿದೆ, ರಕ್ತದಾನ ಶಿಬಿರವಿದೆ. ಇವುಗಳ ಜೊತೆಗೆ ಇನ್ನೊಂದು ಸೇರಬೇಕು ಎಂಬುದು ನನ್ನ ಅಭಿಪ್ರಾಯ. ಫೆಬ್ರವರಿ ಇಲ್ಲವೇ ಮಾರ್ಚ್ ತಿಂಗಳ ಒಂದು ರಜಾದಿನ, ಬೆಳಿಗ್ಗೆ ಆರೂವರೆಯಿಂದ ಒಂಬತ್ತರವರೆಗೆ, ಹಕ್ಕಿ ಮತ್ತು ಕಾಡುಹೂಗಳನ್ನು ನೋಡುವ ನಡಿಗೆ.

"ಈ ಮರಳಲ್ಲಿ ನೋಡೋದಕ್ಕೆ ಏನಿದೆ ಮಾರಾಯ್ರೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಚಳಿಗಾಲದಲ್ಲಿ ಒಂದೆರಡು ಒಳ್ಳೆಯ ಮಳೆ ಬಿದ್ದರೆ ಸಾಕು, ವರ್ಷಗಟ್ಟಲೆ ಮರಳಿನಲ್ಲಿ ಮಲಗಿದ್ದ ಬೀಜಗಳೂ ಮೊಳೆಯುತ್ತವೆ. ನಮ್ಮ ನೆಗ್ಗಿಲು ಮುಳ್ಳಿನ ಬಳಗದ ಗಿಡಗಳು ಹಳದಿ ಹೂ ಬಿಡುತ್ತವೆ. ಎಕ್ಕದ ಗಿಡ ರಸ್ತೆ ಬದಿಯಲ್ಲೇ ಸಿಗುತ್ತದೆ. ಯುಎಇಯ ರಾಷ್ಟ್ರೀಯ ವೃಕ್ಷ ಘಾಫ್ ಎಂದರೆ ಬೇರೇನಲ್ಲ, ನಾವು ದಸರೆಗೆ ಪೂಜಿಸುವ ಶಮಿ, ಅಂದರೆ ಬನ್ನಿ ಮರ. ದುಬೈನ ಮುಶ್ರಿಫ್ ಪಾರ್ಕಿನಲ್ಲಿ ಅದರ ಕಾಡೇ ಇದೆ.

ಹಕ್ಕಿಗಳದೂ ಅದೇ ಕಥೆ. ಕರ್ನಾಟಕದ ರಾಜ್ಯಪಕ್ಷಿ ನೀಲಕಂಠ ಇಲ್ಲಿಯ ತಂತಿಗಳ ಮೇಲೂ ಕೂರುತ್ತದೆ. ಸೂರಕ್ಕಿ, ಟಿಟ್ಟಿಭ, ಗೌಜಲಹಕ್ಕಿ ಎಲ್ಲವೂ ಇವೆ. ನಮ್ಮ ಚಂದ್ರಮುಕುಟವನ್ನು ಅರಬರು ಹುದ್‌ಹುದ್ ಎನ್ನುತ್ತಾರೆ. 2007ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ರಾಸ್ ಅಲ್ ಖೋರ್ ಜೌಗಿನಲ್ಲಿ ಚಳಿಗಾಲದಲ್ಲಿ ರಾಜಹಂಸಗಳ ಹಿಂಡೇ ಇರುತ್ತದೆ. ಆಫ್ರಿಕಾದಿಂದ ಉತ್ತರಕ್ಕೆ ಹೊರಟ ಕಳ್ಳಿಪೀರಗಳು ಮಾರ್ಚ್-ಏಪ್ರಿಲ್‌ನಲ್ಲಿ ಇಲ್ಲಿ ಇಳಿದು, ದಣಿವಾರಿಸಿಕೊಂಡು ಮುಂದೆ ಹೋಗುತ್ತವೆ.

ಆದರೆ ನಾನು ಈ ನಡಿಗೆಯನ್ನು ಕೇಳುತ್ತಿರುವುದು ಹಕ್ಕಿಗಳಿಗಾಗಿ ಮಾತ್ರವಲ್ಲ. ನಮ್ಮ ಕಾರ್ಯಕ್ರಮಗಳಲ್ಲಿ ವೇದಿಕೆ ಯಾರದು, ಕೊನೆಯ ಸಾಲಿನ ಕುರ್ಚಿ ಯಾರದು ಎಂಬುದು ಎಲ್ಲರಿಗೂ ಗೊತ್ತು. ಕ್ಯಾಂಪಿನಲ್ಲಿರುವ ಎಷ್ಟೋ ಹುಡುಗರು ಹೊಲ, ತೋಟದಲ್ಲಿ ಬೆಳೆದು ಬಂದವರು. ಕೂಗು ಕೇಳಿಯೇ ಗೌಜಲ ಎಂದು ಹೇಳಬಲ್ಲವರು. ವಾರಕ್ಕೊಂದು ರಜೆ, ಅದು ಬಟ್ಟೆ ಒಗೆಯುವುದರಲ್ಲಿ, ಮೊಬೈಲ್‌ನಲ್ಲಿ ಕಳೆದುಹೋಗುತ್ತದೆ. ಇನ್ನೊಂದು ಕಡೆ, ಇಲ್ಲೇ ಹುಟ್ಟಿದ ನಮ್ಮ ಮಕ್ಕಳಿಗೆ ಫ್ಲೆಮಿಂಗೊ ಗೊತ್ತು, ಟಿಟ್ಟಿಭ ಗೊತ್ತಿಲ್ಲ. ಆ ಹುಡುಗರು ಮುಂದೆ ನಡೆಯಲಿ, ಮಕ್ಕಳು ಹಿಂದೆ ಕೇಳುತ್ತಾ ಹೋಗಲಿ. ಭಾಷಣವಿಲ್ಲದೆ ಕನ್ನಡ ಪಾಠವಾಗುತ್ತದೆ. ಕೊನೆಯ ಸಾಲಿನವನು ಒಂದು ಬೆಳಗಿನ ಮಟ್ಟಿಗಾದರೂ ಗುರುವಾಗುತ್ತಾನೆ.

ಇದಕ್ಕೆ ದೊಡ್ಡ ಖರ್ಚಿಲ್ಲ. ಕ್ಯಾಂಪಿಗೊಂದು ಬಸ್ಸು, ಎರಡು ಮೂರು ದುರ್ಬೀನು, ಕನ್ನಡ ಮತ್ತು ಅರಬ್ಬಿ ಹೆಸರುಗಳ ಒಂದು ಹಾಳೆ, ಕುಡಿಯುವ ನೀರು, ಉಪ್ಪಿಟ್ಟು. ನಿಯಮವೂ ಸರಳ. ಹೂ ಕೀಳಬಾರದು, ಏಕೆಂದರೆ ಕಿತ್ತ ಹೂವು ಮುಂದಿನ ಮಳೆಗೆ ಬೀಜ ಉಳಿಸುವುದಿಲ್ಲ. ದಾರಿ ಬಿಟ್ಟು ತುಳಿಯಬಾರದು, ಏಕೆಂದರೆ ಟಿಟ್ಟಿಭ ಬಯಲು ನೆಲದಲ್ಲೇ ಮೊಟ್ಟೆಯಿಡುತ್ತದೆ. ಪ್ಲಾಸ್ಟಿಕ್ ಬಿಟ್ಟು ಬರಬಾರದು.

"ದುಡಿಯಲು ಬಂದವರಿಗೆ ಇದೆಲ್ಲ ಯಾಕೆ?" ಎನ್ನುವವರಿದ್ದಾರೆ. ದುಡಿಯಲು ಬಂದವರು ಇಲ್ಲಿ ಹತ್ತು, ಇಪ್ಪತ್ತು ವರ್ಷ ಕಳೆಯುತ್ತಾರೆ. ಅಷ್ಟು ಕಾಲ ಕಾಲಡಿಯ ನೆಲದ ಪರಿಚಯವೇ ಇಲ್ಲದೆ ಬದುಕುವುದು ಎಂಥ ಬದುಕು? ಮೇ ಹೊತ್ತಿಗೆ ಬಿಸಿಲು ಏರಿ ಹೂವೆಲ್ಲ ಒಣಗಿರುತ್ತದೆ. ಆದ್ದರಿಂದ ಕಾರ್ಯಕಾರಿ ಸಮಿತಿಯಲ್ಲಿ ನನ್ನ ವಿನಂತಿ: ಬರುವ ವರ್ಷದ ಪಟ್ಟಿ ಮಾಡುವಾಗ ಯುಗಾದಿಗೆ ಮೊದಲೇ ಒಂದು ಬೆಳಗನ್ನು ಇದಕ್ಕೆ ತೆಗೆದಿಡಿ. ಮೊದಲ ಬಸ್ಸು ಕ್ಯಾಂಪಿನಿಂದಲೇ ಹೊರಡಲಿ.