ಸೋಂಕು ಇಳಿದದ್ದು ಹಣ ತಡೆಯಲು ಕಾರಣವಲ್ಲ

ಎಚ್‌ಐವಿ ಹತೋಟಿಗೆ ಬಂದಾಯಿತು, ಇನ್ನು ಅದಕ್ಕೇಕೆ ಅಷ್ಟು ಹಣ ಎನ್ನುವ ಧೋರಣೆ ಆಳುವವರಲ್ಲಿ ಬೇರೂರಿದೆ. ಇದು ತಪ್ಪು ಮಾತ್ರವಲ್ಲ, ಅಪಾಯಕಾರಿ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ (ನ್ಯಾಕೋ) 2021ರ ಅಂದಾಜಿನಂತೆ ಕರ್ನಾಟಕದ ವಯಸ್ಕರಲ್ಲಿ ಸೋಂಕಿನ ಪ್ರಮಾಣ ಶೇ 0.46. ದೇಶದ ಸರಾಸರಿ ಶೇ 0.21. ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಸೋಂಕಿನೊಡನೆ ಬದುಕುತ್ತಿದ್ದಾರೆ.

ಬೆಂಗಳೂರಿನ ಮತ್ತಿಕೆರೆಯ ಸುತ್ತಮುತ್ತಲನ್ನೇ ನೋಡಿ. ಪಕ್ಕದಲ್ಲೇ ಯಶವಂತಪುರದ ರೈಲು ನಿಲ್ದಾಣ, ಎಪಿಎಂಸಿ ಯಾರ್ಡು. ಲಾರಿ ಚಾಲಕರು, ಹಮಾಲಿಗಳು, ಪೀಣ್ಯದ ಕಾರ್ಖಾನೆಗಳಿಗೆ ಬಂದ ವಲಸೆ ಕಾರ್ಮಿಕರು, ಕಾಲೇಜು ಓದಲು ಬಂದು ಪಿ.ಜಿ.ಗಳಲ್ಲಿ ಉಳಿದ ಹುಡುಗ ಹುಡುಗಿಯರು. ಇವರನ್ನು ಹುಡುಕಿಕೊಂಡು ಹೋಗಿ ಕಾಂಡೋಮ್ ಕೊಟ್ಟು, ಧೈರ್ಯ ಹೇಳಿ, ಪರೀಕ್ಷೆಗೆ ಕರೆತರುವವರು ದೊಡ್ಡ ಅಧಿಕಾರಿಗಳಲ್ಲ. ಅಲ್ಪ ಗೌರವಧನಕ್ಕೆ ದುಡಿಯುವ ಪೀರ್ ಎಜುಕೇಟರ್‌ಗಳು, ವರ್ಷಗಟ್ಟಲೆ ಗುತ್ತಿಗೆಯಲ್ಲೇ ಉಳಿದ ಆಪ್ತ ಸಮಾಲೋಚಕರು. ಲೈಂಗಿಕ ವೃತ್ತಿಯ ಮಹಿಳೆಯರು, ಲಿಂಗತ್ವ ಅಲ್ಪಸಂಖ್ಯಾತರು ತಮ್ಮವರ ನಡುವೆ ತಾವೇ ನಿಂತು ಈ ಕೆಲಸ ಮಾಡಿದ್ದರಿಂದಲೇ ಸೋಂಕು ಇಳಿಯಿತು. ಒಂದು ಕಾಲಕ್ಕೆ ಕರ್ನಾಟಕ ದೇಶದ ಆರು ಅತಿ ಸೋಂಕಿನ ರಾಜ್ಯಗಳಲ್ಲಿ ಒಂದಾಗಿತ್ತು. ಬಾಗಲಕೋಟೆಯಂಥ ಜಿಲ್ಲೆಗಳು ಕಂಡ ಸಾವುನೋವನ್ನು ಮರೆಯುವ ಹಕ್ಕು ಯಾರಿಗೂ ಇಲ್ಲ.

2003ರಲ್ಲಿ ಗೇಟ್ಸ್ ಪ್ರತಿಷ್ಠಾನದ 'ಆವಾಹನ್' ಯೋಜನೆ ಇಲ್ಲಿ ಈ ಕೆಲಸಕ್ಕೆ ಧಾರಾಳವಾಗಿ ಹಣ ಹಾಕಿತು, ಮುಂದೆ ಹೊಣೆಯನ್ನು ಸರ್ಕಾರಕ್ಕೆ ಒಪ್ಪಿಸಿ ಹಿಂದೆ ಸರಿಯಿತು. ಒಪ್ಪಿಸಿಕೊಂಡವರು ಏನು ಮಾಡಿದರು? 2014ರಲ್ಲಿ ಕೇಂದ್ರ ಅನುದಾನ ಕಡಿತಗೊಂಡಿತು. ಅದೇ ವರ್ಷ ರಾಜ್ಯಗಳ ಏಡ್ಸ್ ಸೊಸೈಟಿಗಳಿಗೆ ನೇರವಾಗಿ ಬರುತ್ತಿದ್ದ ಹಣ ರಾಜ್ಯದ ಖಜಾನೆ ಸುತ್ತಿ ಬರುವಂತಾಯಿತು. ದೇಶದ ಹಲವೆಡೆ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಬರಲಿಲ್ಲ, ಕಾಂಡೋಮ್ ದಾಸ್ತಾನು ಖಾಲಿಯಾಯಿತು. ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಸರಿಯುವವರೆಗೆ ವೈರಾಣು ಕಾಯುವುದಿಲ್ಲ.

ಫಲ ಕಣ್ಣೆದುರಿಗಿದೆ. 2010ಕ್ಕೆ ಹೋಲಿಸಿ ಹೊಸ ಸೋಂಕನ್ನು 2025–26ರೊಳಗೆ ಶೇ 80ರಷ್ಟು ಇಳಿಸುವುದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಐದನೇ ಹಂತದ ಗುರಿ. 2023ರವರೆಗೆ ದೇಶದಲ್ಲಿ ಇಳಿದದ್ದು ಸುಮಾರು ಶೇ 44.

ಸೋಂಕು ಎಲ್ಲಿ, ಎಷ್ಟಿದೆ ಎಂದು ಅಳೆಯುವ ಸರ್ವೇಕ್ಷಣೆಯ ಕತೆಯೂ ಇದೇ. ಸೆಂಟಿನೆಲ್ ಸಮೀಕ್ಷೆ ಮುಖ್ಯವಾಗಿ ಗರ್ಭಿಣಿಯರ ರಕ್ತಮಾದರಿಯನ್ನೂ ಈಗಾಗಲೇ ಗುರುತಿಸಿದ ಗುಂಪುಗಳನ್ನೂ ಆಧರಿಸುತ್ತದೆ. ಮೊಬೈಲ್ ಆ್ಯಪಿನಲ್ಲಿ ಪರಿಚಯವಾಗಿ ಭೇಟಿಯಾಗುವ ಯುವಕರು ಸೋಂಕಿನ ಅಪಾಯ ಹೆಚ್ಚಿರುವ ತಾಣಗಳ 'ಹಾಟ್‌ಸ್ಪಾಟ್' ನಕ್ಷೆಗೆ ಸುಲಭವಾಗಿ ಸಿಗುವುದಿಲ್ಲ. ಲೆಕ್ಕಕ್ಕೇ ಸಿಗದವರಿಗೆ ಹಣವೂ ಸಿಗುವುದಿಲ್ಲ.

ಇದು ಕೇಂದ್ರದ ಯೋಜನೆ, ಹಣವೂ ಅವರದೇ ಎಂಬ ಸಬೂಬು ವಿಧಾನಸೌಧಕ್ಕೆ ಒಪ್ಪುವುದಿಲ್ಲ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ 13ನೇ ಕಲಂ ಸೋಂಕು ತಡೆಯುವ ಹೊಣೆಯನ್ನು ರಾಜ್ಯ ಸರ್ಕಾರದ ಮೇಲೂ ಹೊರಿಸಿದೆ. ಆ ಹೊಣೆಯನ್ನು ಎರಡೂ ಸರ್ಕಾರಗಳು ಅರೆಮನಸ್ಸಿನಿಂದ ಹೊತ್ತಿವೆ ಎಂಬುದೇ ನಮ್ಮ ತೀರ್ಪು. ರಾಜ್ಯ ತನ್ನ ಬಜೆಟ್ಟಿನಲ್ಲಿ ತಡೆಗಟ್ಟುವ ಕೆಲಸಕ್ಕೇ ಮೀಸಲಾದ ಹಣ ಇಡಬೇಕು. ಕೇಂದ್ರದ ಕಂತು ತಡವಾದರೆ ಖಜಾನೆಯಿಂದ ಮುಂಗಡ ಕೊಟ್ಟು ಕ್ಷೇತ್ರ ಸಿಬ್ಬಂದಿಯ ಸಂಬಳ ಪ್ರತಿ ತಿಂಗಳು ತಪ್ಪದೆ ಸಲ್ಲಿಸಬೇಕು. ಬಿಡುಗಡೆಯಾದ ಹಣವೆಷ್ಟು, ಖರ್ಚಾದದ್ದೆಷ್ಟು ಎಂಬ ಜಿಲ್ಲಾವಾರು ಲೆಕ್ಕವನ್ನು ಆರೋಗ್ಯ ಸಚಿವರು ಪ್ರತಿ ಅಧಿವೇಶನದಲ್ಲಿ ಸದನದ ಮುಂದಿಡಬೇಕು.